ಮೂಲ್ಕಿಯ ಅಲೆಯ ಕೆಳಗಿನ ಮರಳು

ಮೇ ತಿಂಗಳ ಕೊನೆಯ ವಾರ ಮೂಲ್ಕಿ ಬಳಿಯ ಸಸಿಹಿತ್ಲು ಕಡಲ ದಂಡೆಗೆ ಹೋದರೆ, ಎರಡು ಬಗೆಯ ಜನ ಒಂದೇ ಜಾಗಕ್ಕೆ ಕಣ್ಣು ನೆಟ್ಟು ನಿಂತಿರುವುದು ಕಾಣುತ್ತದೆ. ಅಲೆಯ ಮೇಲೆ ಜಾರುವ ಸರ್ಫಿಂಗ್ ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡ ಹುಡುಗ ಹುಡುಗಿಯರು, ನದಿ ಕಡಲು ಸೇರುವ ಅಳಿವೆಯ ಬಾಯಿಯತ್ತ ನೋಡುತ್ತಾ, ಅಲೆ ಎಲ್ಲಿ ಮುರಿಯುತ್ತಿದೆ, ಮುರಿದದ್ದು ಯಾವ ಕಡೆಗೆ ಸರಿಯುತ್ತಿದೆ ಎಂದು ಲೆಕ್ಕ ಹಾಕುತ್ತಿರುತ್ತಾರೆ. ತುಸು ಆಚೆ ನಾಡದೋಣಿಯ ಮಗ್ಗುಲಲ್ಲಿ ನಿಂತ ಮೀನುಗಾರರೂ ಅದೇ ಜಾಗವನ್ನೇ ದಿಟ್ಟಿಸುತ್ತಿರುತ್ತಾರೆ. ಅವರು ಹುಡುಕುತ್ತಿರುವುದು ಅಲೆ ಮುರಿಯದ ದಾರಿಯನ್ನು. ಮೊದಲಿನವರಿಗೆ ಅಲೆ ಬೇಕು, ಎರಡನೆಯವರಿಗೆ ಅದು ಬೇಡ. ಆ ಅಲೆಯನ್ನು ಎಬ್ಬಿಸುವುದು ನೀರಿನಡಿಯ ಒಂದು ಮರಳದಿಬ್ಬ. ಮೂಲ್ಕಿಯ ಸರ್ಫಿಂಗ್ ಬಗ್ಗೆ ಈಚೆಗೆ ಬರುತ್ತಿರುವ ಮೆಚ್ಚುಗೆಯ ಬರಹಗಳಲ್ಲಿ ಈ ದಿಬ್ಬದ ಪ್ರಸ್ತಾಪವೇ ಇರುವುದಿಲ್ಲ. ಊರಿನ ಈ ಹೊಸ ಹೆಸರು ನಿಂತಿರುವುದು ಅದರ ಮೇಲೆ, ಆಪತ್ತು ಇರುವುದೂ ಅದಕ್ಕೇ.

ಮಂಗಳೂರಿನಿಂದ ಉತ್ತರಕ್ಕೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 30 ಕಿಲೋಮೀಟರ್ ಸಾಗಿದರೆ ಮೂಲ್ಕಿ ಸಿಗುತ್ತದೆ. ಕರಾವಳಿಯವರಿಗೆ ಇದು ಮೊದಲಿನಿಂದಲೂ ಬಪ್ಪನಾಡು ದುರ್ಗಾಪರಮೇಶ್ವರಿಯ ಊರು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿ ನದಿಯಲ್ಲಿ ಮುಂದೆ ಚಲಿಸದೆ ನಿಂತದ್ದು, ಆತನಿಗೆ ದೇವಿ ಕನಸಿನಲ್ಲಿ ಕಾಣಿಸಿಕೊಂಡದ್ದು, ಆತನೇ ಗುಡಿ ಕಟ್ಟಿಸಿದ್ದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಕಥೆ. ನದಿ, ದೋಣಿ, ಮುಂದೆ ಸಾಗದ ಅಡ್ಡಿ, ಈ ಮೂರೂ ಊರಿನ ಸ್ಥಳಪುರಾಣದಲ್ಲೇ ಇವೆ ಎಂಬುದು ನನ್ನನ್ನು ಆಗಾಗ ಯೋಚನೆಗೆ ಹಚ್ಚುತ್ತದೆ.

ಸರ್ಫಿಂಗ್ ಇಲ್ಲಿಗೆ ಬಂದದ್ದು ಆಶ್ರಮವೊಂದರ ದಾರಿಯಿಂದ. ಅಮೆರಿಕದಲ್ಲಿ ಹುಟ್ಟಿ, ಸನ್ಯಾಸ ಸ್ವೀಕರಿಸಿ, ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಜಾಕ್ ಹೆಬ್ನರ್ ಅವರು ಶಿಷ್ಯರೊಂದಿಗೆ ಶಾಂಭವಿಯ ದಡದಲ್ಲಿ ನೆಲೆ ನಿಂತು, 2004ರ ಹೊತ್ತಿಗೆ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ಆಗ ಈ ದೇಶದಲ್ಲಿ ಹಲಗೆ ಹಿಡಿದು ಕಡಲಿಗಿಳಿಯುವವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಮುಂದೆ ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಮತ್ತು ತುಷಾರ್ ಪತಿಯಾನ್ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. ಇಶಿತಾ ದೇಶದ ಮೊದಲ ವೃತ್ತಿಪರ ಸರ್ಫರ್ ಮಹಿಳೆ ಎಂದು ಗುರುತಿಸಿಕೊಂಡರು. ನಿಂತು ಹುಟ್ಟುಹಾಕುವ ಸ್ಟ್ಯಾಂಡ್‌ಅಪ್ ಪ್ಯಾಡ್ಲಿಂಗ್‌ನಲ್ಲಿ ಮೂಲ್ಕಿಯ ತನ್ವಿ ಜಗದೀಶ್ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ನಡುವೆ 2022 ಮತ್ತು 2023ರಲ್ಲಿ ಪಣಂಬೂರಿಗೆ ಹೋಗಿದ್ದ ಕೂಟ 2024ರಲ್ಲೂ 2025ರಲ್ಲೂ ಮತ್ತೆ ಸಸಿಹಿತ್ಲುವಿಗೇ ಬಂತು. ಟೋಕಿಯೊ ಒಲಿಂಪಿಕ್ಸ್‌ನಿಂದ ಸರ್ಫಿಂಗ್ ಒಲಿಂಪಿಕ್ ಕ್ರೀಡೆಯಾಗಿದೆ. 2026ರ ಐಚಿ-ನಗೊಯಾ ಏಷ್ಯನ್ ಕ್ರೀಡಾಕೂಟದ ಪಟ್ಟಿಗೂ ಅದು ಸೇರಿದೆ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ, ಕರ್ನಾಟಕ ಮೂಲದ ರಮೇಶ್ ಬೂದಿಹಾಳ್ ಕಂಚು ಗೆದ್ದಾಗ, ಭಾರತೀಯನೊಬ್ಬ ಆ ಕೂಟದಲ್ಲಿ ವೈಯಕ್ತಿಕ ಪದಕ ಪಡೆದದ್ದು ಅದೇ ಮೊದಲು.

ಹೀಗಾಗಿ ಮೂಲ್ಕಿಯನ್ನು ದೇಶದ ಸರ್ಫಿಂಗ್ ರಾಜಧಾನಿ ಎಂದು ಕರೆಯುವ ರೂಢಿ ಬಂದಿದೆ. ಹೋಮ್‌ಸ್ಟೇಗಳು, ತರಬೇತಿ ಶಾಲೆಗಳು, ಕಯಾಕಿಂಗ್ ಕೇಂದ್ರಗಳು ತಲೆಯೆತ್ತಿವೆ. ಕರಾವಳಿ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಮಂತ್ರಿಗಳ ಭಾಷಣದಲ್ಲಿ ಸಸಿಹಿತ್ಲುವಿನ ಹೆಸರು ಕೇಳಿಬರುತ್ತದೆ. ಕೇಳಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಪ್ರತಿ ಮಳೆಗಾಲದಲ್ಲಿ ಅದೇ ದಂಡೆಯಲ್ಲಿ ಗಾಳಿಮರಗಳು ಬೇರು ಸಹಿತ ಉರುಳಿ ಬಿದ್ದದ್ದನ್ನು ನೋಡಿದಾಗ ಆ ಸಂತೋಷ ಉಳಿಯುವುದಿಲ್ಲ.

ಅಲೆ ಹುಟ್ಟುವುದು ದೂರದಲ್ಲಿ, ಮುರಿಯುವುದು ಇಲ್ಲಿ

ಸಸಿಹಿತ್ಲುವಿನ ನೆಲವನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಕಟೀಲಿನಲ್ಲಿ ದೇವಸ್ಥಾನವನ್ನು ನಡುವಿಟ್ಟುಕೊಂಡು ಹರಿಯುವ ನಂದಿನಿ ನದಿ ಪಾವಂಜೆ ದಾಟಿ ಕಡಲಿನ ಹತ್ತಿರ ಬಂದರೂ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಉತ್ತರಕ್ಕೆ ತಿರುಗಿ, ಕಡಲಿಗೆ ಸಮಾನಾಂತರವಾಗಿ ಹರಿದು, ಮೂಲ್ಕಿಯ ಕಡೆಯಿಂದ ಬರುವ ಶಾಂಭವಿಯನ್ನು ಕೂಡಿಕೊಂಡು ಆಮೇಲೆ ಸಮುದ್ರ ಸೇರುತ್ತದೆ. ಹೀಗೆ ತಿರುಗಿದ ನದಿಗೂ ಕಡಲಿಗೂ ನಡುವೆ ಉಳಿದ ಮರಳಿನ ಪಟ್ಟಿಯೇ ಸಸಿಹಿತ್ಲು. ಪಡುವಣಕ್ಕೆ ಕಡಲು, ಮೂಡಣಕ್ಕೆ ನದಿ, ಉತ್ತರದ ತುದಿಗೆ ಅಳಿವೆ. ಅಳಿವೆಯ ಆಚೆ ದಡದಲ್ಲಿ ಹೆಜಮಾಡಿ ಕೋಡಿ.

ನಮ್ಮ ಕರಾವಳಿಯ ಊರಿನ ಹೆಸರುಗಳಲ್ಲೇ ಮರಳಿನ ಶಾಸ್ತ್ರ ಅಡಗಿದೆ. ಕೋಡಿ ಎಂದರೆ ನೆಲದ ತುದಿ. ಬೆಂಗ್ರೆ ಎಂದರೆ ನದಿ ಮತ್ತು ಕಡಲಿನ ನಡುವಿನ ಮರಳಿನ ನಾಲಗೆ. ಕೋಡಿಬೆಂಗ್ರೆ, ತೋಟಬೆಂಗ್ರೆ, ಕಸಬಾ ಬೆಂಗ್ರೆ, ಹೆಜಮಾಡಿ ಕೋಡಿ ಎಂದು ಹೆಸರಿಟ್ಟ ಹಿರಿಯರಿಗೆ ಈ ನೆಲ ಕಡಲು ಕೊಟ್ಟದ್ದು, ಕಡಲು ಬೇಕೆಂದಾಗ ಹಿಂದಕ್ಕೆ ಪಡೆಯುವಂಥದ್ದು ಎಂಬ ಅರಿವಿತ್ತು. ಅಳಿವೆಯ ಬಾಗಿಲು ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನು ಮೀನುಗಾರ ಮನೆಗಳಲ್ಲಿ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಇನ್ನು ಅಲೆ. ಸಸಿಹಿತ್ಲುವಿಗೆ ಬರುವ ಉತ್ತಮ ಅಲೆಗಳಲ್ಲಿ ಹಲವು ಹುಟ್ಟುವುದು ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ. ಅಲ್ಲಿಂದ ಹೊರಟ ಉಬ್ಬುಗಳು ದಿನಗಟ್ಟಲೆ ಸಾಗಿ ನೈಋತ್ಯ ದಿಕ್ಕಿನಿಂದ ನಮ್ಮ ದಂಡೆಗೆ ತಲುಪುತ್ತವೆ. ಬೇಸಿಗೆಯ ಕೊನೆಗೆ ಮುಂಗಾರಿನ ಗಾಳಿ ಇವಕ್ಕೆ ಬಲ ತುಂಬುತ್ತದೆ. ಇಂಡಿಯನ್ ಓಪನ್ ಅನ್ನು ಮೇ ಕೊನೆಗೆ, ಜೂನ್ ಮೊದಲ ದಿನಗಳಿಗೆ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಕಲಿಯುವವರಿಗೆ ಅಕ್ಟೋಬರ್‌ನಿಂದ ಮೇ ತಿಂಗಳವರೆಗಿನ ಸೌಮ್ಯ ಕಡಲು ಹಿತ, ನುರಿತವರಿಗೆ ಮುಂಗಾರಿನ ಹೊಸ್ತಿಲು.

ಅಷ್ಟು ದೂರದಿಂದ ಬಂದ ಉಬ್ಬು ದಂಡೆಯ ಹತ್ತಿರ ಮುರಿಯುವುದಕ್ಕೆ ಕಾರಣ ಕಡಲಿನ ತಳ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಪಾಲನ್ನು ಮೀರಿದಾಗ ಅದು ಮುಗ್ಗರಿಸಿ ಬೀಳುತ್ತದೆ. ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಮುರಿಯುತ್ತದೆ ಎಂದುಕೊಳ್ಳಬಹುದು. ತಳ ದಂಡೆಗೆ ಸಮನಾಗಿ ಇಳಿಜಾರಾಗಿದ್ದರೆ ಅಲೆ ಉದ್ದಕ್ಕೂ ಒಂದೇ ಸಲ ದಬಕ್ಕನೆ ಬೀಳುತ್ತದೆ, ಅದರ ಮೇಲೆ ಸವಾರಿ ಸಾಧ್ಯವಿಲ್ಲ. ನೀರಿನಡಿಯಲ್ಲಿ ಓರೆಯಾದ ಒಂದು ದಿಬ್ಬವಿದ್ದರೆ ಮಾತ್ರ ಅಲೆಯ ಒಂದು ತುದಿ ಮೊದಲು ಮುರಿದು, ಚಾಪೆಯನ್ನು ಒಂದು ಕಡೆಯಿಂದ ಸುತ್ತುತ್ತಾ ಬಂದಂತೆ ಮುರಿತ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ. ಆ ಸರಿಯುವ ಅಂಚಿನ ಮುಂದೆ ಮುಂದೆ ಜಾರುವುದೇ ಸರ್ಫಿಂಗ್. ಬಂಡೆಯ ತಳವಿರುವ ಕಡೆ ಈ ಏರ್ಪಾಡು ಶಾಶ್ವತ. ಸಸಿಹಿತ್ಲುವಿನಲ್ಲಿ ಬಂಡೆಯಿಲ್ಲ. ಮಳೆಗಾಲದ ಪ್ರವಾಹದಲ್ಲಿ ಶಾಂಭವಿ ನಂದಿನಿಯರು ಹೊತ್ತು ತಂದ ಮರಳನ್ನು ಅಳಿವೆಯ ಬಾಯಲ್ಲಿ ಕಡಲು ತಡೆದು ನಿಲ್ಲಿಸುವುದರಿಂದ ದಿಬ್ಬ ಆಗುತ್ತದೆ. ನದಿಯೂ ಕಡಲೂ ದಿನನಿತ್ಯ ಹಗ್ಗಜಗ್ಗಾಟ ನಡೆಸಿ ಅದರ ಆಕಾರವನ್ನು ತಿದ್ದುತ್ತಿರುತ್ತವೆ.

ನಾಡದೋಣಿಯವರ ಭಯವೂ ಇದೇ ದಿಬ್ಬ. ಅಳಿವೆ ದಾಟುವಾಗ ದಿಬ್ಬದ ಮೇಲೆ ಎದ್ದ ಅಲೆಗೆ ಸಿಕ್ಕಿ ದೋಣಿ ಮಗುಚುವುದು, ಬಲೆ ಮತ್ತು ಎಂಜಿನ್ ಕಳೆದುಕೊಳ್ಳುವುದು, ಕೆಲವೊಮ್ಮೆ ಜೀವವೇ ಹೋಗುವುದು ಕರಾವಳಿಯ ಅಳಿವೆಗಳಲ್ಲೆಲ್ಲ ನಡೆಯುತ್ತಾ ಬಂದಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಕಡಲಿಗಿಳಿಯುವವರು ನಾಡದೋಣಿಯವರು. ಕಡಲು ಅತಿ ಒರಟಾಗಿರುವ ದಿನಗಳಲ್ಲಿಯೇ ಅವರು ಅಳಿವೆ ದಾಟಬೇಕು. ಸರ್ಫಿಂಗ್ ಉಳಿಸಬೇಕು ಎನ್ನುವವರು ಈ ಸಂಗತಿಯನ್ನು ಮರೆತು ಮಾತನಾಡಿದರೆ ಅವರ ಮಾತಿಗೆ ಮೀನುಗಾರ ಸಮುದಾಯವಾದ ಮೊಗವೀರರ ಕೇರಿಯಲ್ಲಿ ಬೆಲೆ ಸಿಗುವುದಿಲ್ಲ. ಸಿಗಬಾರದು ಕೂಡ.

ಒಂದು ಅಳಿವೆ, ಎರಡು ಜಿಲ್ಲೆ

ಶಾಂಭವಿ ದಕ್ಷಿಣ ಕನ್ನಡಕ್ಕೂ ಉಡುಪಿಗೂ ಗಡಿ. ಅಳಿವೆಯ ದಕ್ಷಿಣದ ದಡ ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಯ ವ್ಯಾಪ್ತಿಗೆ, ಉತ್ತರದ ದಡ ಮಣಿಪಾಲದಲ್ಲಿರುವ ಉಡುಪಿ ಜಿಲ್ಲಾಡಳಿತದ ವ್ಯಾಪ್ತಿಗೆ ಸೇರುತ್ತದೆ. ದಕ್ಷಿಣದ ದಡದಲ್ಲಿ ಸರ್ಫಿಂಗ್ ಕೂಟ ನಡೆಯುತ್ತದೆ. ಉತ್ತರದ ದಡದಲ್ಲಿ ಹೆಜಮಾಡಿ ಮೀನುಗಾರಿಕಾ ಬಂದರಿನ ಯೋಜನೆ. ಅದಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಅಂದಾಜು ವೆಚ್ಚ ಸುಮಾರು 180 ಕೋಟಿ ರೂಪಾಯಿ. ಮಲ್ಪೆ ಮತ್ತು ಮಂಗಳೂರು ಬಂದರುಗಳಲ್ಲಿ ದೋಣಿ ನಿಲ್ಲಿಸಲು ಜಾಗವಿಲ್ಲದೆ ಪರದಾಡುವ ಮೀನುಗಾರರಿಗೆ ಇದು ದಶಕಗಳ ಬೇಡಿಕೆ. ಅದು ನ್ಯಾಯವಾದದ್ದು.

ಆದರೆ ಬಂದರು ಎಂದರೆ ಜೆಟ್ಟಿ ಕಟ್ಟಿ ಮುಗಿಸುವ ಕೆಲಸವಲ್ಲ. ದೋಣಿಗಳು ಬರಲು ಹೋಗಲು ಅಳಿವೆ ಆಳವಾಗಿರಬೇಕು, ಅದಕ್ಕೆ ಮೇಲಿಂದ ಮೇಲೆ ಹೂಳೆತ್ತಬೇಕು, ಅಲೆಯ ಹೊಡೆತ ತಪ್ಪಿಸಲು ಕಡಲಿನೊಳಕ್ಕೆ ಕಲ್ಲಿನ ಗೋಡೆ ಚಾಚಬೇಕು. ಈ ಮೂರೂ ಮರಳಿನ ನಡೆಯನ್ನು ಬದಲಿಸುವ ಕೆಲಸಗಳು. ಕಡಲ ದಂಡೆಯ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ಓರೆಯಾಗಿ ಬಡಿಯುವ ಅಲೆಗಳು ಅದನ್ನು ದಂಡೆಯುದ್ದಕ್ಕೂ ಒಮ್ಮೆ ಬಡಗಣಕ್ಕೆ, ಒಮ್ಮೆ ತೆಂಕಣಕ್ಕೆ ಸಾಗಿಸುತ್ತಿರುತ್ತವೆ. ಮಧ್ಯದಲ್ಲಿ ಕಲ್ಲಿನ ಗೋಡೆ ನಿಂತರೆ ಒಂದು ಮಗ್ಗುಲಲ್ಲಿ ಮರಳು ಜಮೆಯಾಗುತ್ತದೆ, ಇನ್ನೊಂದು ಮಗ್ಗುಲಿಗೆ ಬರಬೇಕಾದ ಮರಳು ನಿಲ್ಲುತ್ತದೆ. ಮರಳು ಬರುವುದು ನಿಂತರೂ ಕಡಲು ಒಯ್ಯುವುದನ್ನು ನಿಲ್ಲಿಸುವುದಿಲ್ಲ. ಅಲ್ಲಿಗೆ ಕೊರೆತ.

ಇದಕ್ಕೆ ಪರದೇಶದ ಉದಾಹರಣೆ ಬೇಕಿಲ್ಲ, ಉಳ್ಳಾಲ ಸಾಕು. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿ 1990ರ ದಶಕದಲ್ಲಿ ಅಲೆತಡೆ ಗೋಡೆಗಳು ಬಂದವು. ಮಂಗಳೂರಿನ ಹಳೆಯ ಬಂದರಿನ ದೋಣಿಗಳಿಗೆ ಅದರಿಂದ ಅನುಕೂಲವಾಯಿತು. ದಕ್ಷಿಣದ ಉಳ್ಳಾಲದಲ್ಲಿ ಮನೆಗಳು, ತೆಂಗಿನ ಮರಗಳು, ರಸ್ತೆಗಳು ಕಡಲುಪಾಲಾಗುತ್ತಾ ಬಂದವು. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ದಂಡೆ ರಕ್ಷಣೆಯ ದೊಡ್ಡ ಯೋಜನೆಯನ್ನೇ ಕೈಗೊಂಡು, ಕಡಲಿನೊಳಗೆ ಕೃತಕ ದಿಬ್ಬಗಳನ್ನೂ ದಂಡೆಗೆ ಕಲ್ಲಿನ ಒಡ್ಡುಗಳನ್ನೂ ಹಾಕಬೇಕಾಯಿತು. ಆಮೇಲೂ ಸೋಮೇಶ್ವರ, ಉಚ್ಚಿಲದ ಕಡೆ ಕೊರೆತದ ಸುದ್ದಿ ಪ್ರತಿ ಮಳೆಗಾಲ ಬರುತ್ತಲೇ ಇದೆ.

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ಮಾಡಿದ ಅಳತೆಯನ್ನು ನೋಡಿ. ಕರ್ನಾಟಕದ 313 ಕಿಲೋಮೀಟರ್ ದಂಡೆಯಲ್ಲಿ 74.34 ಕಿಲೋಮೀಟರ್, ಎಂದರೆ ಸುಮಾರು ಶೇ 24ರಷ್ಟು, ಕೊರೆತಕ್ಕೆ ಸಿಕ್ಕಿದೆ. ಜಿಲ್ಲೆಗಳನ್ನು ಬಿಡಿಸಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಉತ್ತರ ಕನ್ನಡದ 175 ಕಿಲೋಮೀಟರ್‌ಗಿಂತ ಉದ್ದದ ದಂಡೆಯಲ್ಲಿ ಕೊರೆತ 21.64 ಕಿಲೋಮೀಟರ್. ಉಡುಪಿಯ 100 ಕಿಲೋಮೀಟರ್‌ನಲ್ಲಿ 34.96. ದಕ್ಷಿಣ ಕನ್ನಡಕ್ಕಿರುವ ದಂಡೆಯೇ 36.66 ಕಿಲೋಮೀಟರ್, ಅದರಲ್ಲಿ 17.74 ಕಿಲೋಮೀಟರ್ ಕೊರೆತದಲ್ಲಿದೆ. ಹತ್ತಿರ ಹತ್ತಿರ ಅರ್ಧ. ಬಂಡೆ, ಗುಡ್ಡ, ಕೊಲ್ಲಿಗಳು ಉತ್ತರ ಕನ್ನಡದ ದಂಡೆಗೆ ಆಸರೆಯಾಗಿವೆ ನಿಜ. ಆದರೆ ದಕ್ಷಿಣ ಕನ್ನಡದ ಇಷ್ಟು ಚಿಕ್ಕ ದಂಡೆಯ ಮೇಲೆ ನವಮಂಗಳೂರು ಬಂದರು, ಹಳೆಯ ಬಂದರಿನ ಅಳಿವೆಯ ಗೋಡೆಗಳು, ಕೈಗಾರಿಕೆಗಳು, ಸಾಲು ಸಾಲು ತಡೆಗೋಡೆಗಳು ಬಿದ್ದಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಅಂತರವನ್ನು ಅರ್ಥ ಮಾಡಿಕೊಳ್ಳಲಾಗದು.

ಹೀಗಿರುವಾಗ ಹೆಜಮಾಡಿಯ ಕಡತ ಉಡುಪಿಯಲ್ಲಿ, ಸಸಿಹಿತ್ಲುವಿನ ಕಡತ ಮಂಗಳೂರಿನಲ್ಲಿ ಬೇರೆ ಬೇರೆಯಾಗಿ ಸಾಗಿದರೆ ಏನಾದೀತು? ಬಂದರಿನ ಕೆಲಸ ಮೀನುಗಾರಿಕೆ ಇಲಾಖೆಗೆ, ಕಡಲ್ಕೊರೆತ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಗೆ, ಮರಳು ಗಣಿ ಇಲಾಖೆಗೆ, ಸರ್ಫಿಂಗ್ ಪ್ರವಾಸೋದ್ಯಮಕ್ಕೆ, ಗಾಳಿಮರದ ತೋಪು ಅರಣ್ಯಕ್ಕೆ. ಅದೇ ಮರಳಕಣ ಈ ಐವರ ಗಡಿಯನ್ನೂ ದಾಟಿಕೊಂಡು ಓಡಾಡುತ್ತಿರುತ್ತದೆ, ಅದರ ಪೂರ್ತಿ ಲೆಕ್ಕ ಯಾರ ಪುಸ್ತಕದಲ್ಲೂ ಇರುವುದಿಲ್ಲ. ನನಗೆ ಇದೇ ಈ ಇಡೀ ವಿಷಯದ ಗಂಟು ಎನ್ನಿಸುತ್ತದೆ.

ಕಲ್ಲಿನ ಗೋಡೆಯ ಹಿಂದಿನ ನೆಮ್ಮದಿ

ಕೊರೆತ ಶುರುವಾದಾಗ ನಮ್ಮಲ್ಲಿ ಮೊದಲು ನೆನಪಾಗುವುದು ಕಲ್ಲು. ಜೂನ್‌ನಲ್ಲಿ ಕಡಲು ಉಕ್ಕಿ ಮನೆಯ ಅಂಗಳಕ್ಕೆ ಬಂದಾಗ ಲಾರಿಗಳಲ್ಲಿ ಕಲ್ಲು ತಂದು ಸುರಿಯುತ್ತಾರೆ. ಮನೆ ಕಳೆದುಕೊಳ್ಳುವ ಭಯದಲ್ಲಿರುವ ಕುಟುಂಬಕ್ಕೆ ಆ ಹೊತ್ತಿನಲ್ಲಿ ಅದು ಬೇಕು. ಬೇಡವೆನ್ನುವ ಹಕ್ಕು ದೂರದಲ್ಲಿ ಕುಳಿತು ಬರೆಯುವ ನನ್ನಂಥವರಿಗೆ ಇಲ್ಲ. ಆದರೆ ತಡೆಗೋಡೆ ಕಾಯುವುದು ತನ್ನ ಹಿಂದಿನ ನೆಲವನ್ನು ಮಾತ್ರ, ಮುಂದಿನ ಮರಳನ್ನಲ್ಲ. ಇಳಿಜಾರಾದ ಮರಳಿನ ದಂಡೆ ಅಲೆಯ ಬಲವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಕಲ್ಲಿನ ಗೋಡೆಗೆ ಬಡಿದ ಅಲೆ ಅದೇ ಬಲದಿಂದ ಹಿಂದಕ್ಕೆ ಪುಟಿದು ಗೋಡೆಯ ಬುಡದ ಮರಳನ್ನು ಕೆದಕಿ ಒಯ್ಯುತ್ತದೆ. ವರ್ಷಗಳು ಕಳೆದಂತೆ ಬುಡ ಆಳವಾಗುತ್ತದೆ, ಕಲ್ಲು ಕುಸಿಯುತ್ತದೆ, ಮತ್ತೆ ಕಲ್ಲು ಬೇಕಾಗುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದವರ ತೋಟ ಕೊಚ್ಚಿಹೋಗುತ್ತದೆ. ದಂಡೆಯಿಂದಲೇ ಎಳೆಯುವ ಕೈರಂಪಣಿ ಬಲೆ ಎಳೆಯಲು, ದೋಣಿ ಮೇಲೆಳೆದು ಇಡಲು, ಮೀನು ಒಣಗಿಸಲು ಇದ್ದ ದಂಡೆ ಇಲ್ಲವಾಗುತ್ತದೆ. ಈ ಕಡೆಯ ನಷ್ಟ ಮೊದಲು ತಟ್ಟುವುದು ಮೀನುಗಾರನಿಗೇ, ಸರ್ಫರನಿಗೆ ಆಮೇಲೆ.

ಮುಂಗಾರಿನ ಕೊರೆತವೆಲ್ಲ ಶಾಶ್ವತ ನಷ್ಟವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಜೂನ್‌ನಿಂದ ಆಗಸ್ಟ್‌ವರೆಗಿನ ಎತ್ತರದ ಅಲೆಗಳು ದಂಡೆಯ ಮರಳನ್ನು ಸ್ವಲ್ಪ ಆಳಕ್ಕೆ ಒಯ್ದು ದಿಬ್ಬವಾಗಿ ಪೇರಿಸಿಡುತ್ತವೆ. ಮಳೆ ನಿಂತ ಮೇಲೆ ಬರುವ ಸಣ್ಣ, ನೀಳ ಅಲೆಗಳು ಅದನ್ನೇ ಸ್ವಲ್ಪ ಸ್ವಲ್ಪವಾಗಿ ದಂಡೆಗೆ ಹಿಂದಿರುಗಿಸುತ್ತವೆ. ‘ಮರಳು’ ಎಂಬ ಒಂದೇ ಪದ ನೆಲದ ಮರಳಿಗೂ ಹಿಂದಿರುಗುವುದಕ್ಕೂ ಸಲ್ಲುವುದು ಕನ್ನಡದ ಆಕಸ್ಮಿಕವಿರಬಹುದು. ಆದರೂ ಕಡಲ ದಂಡೆಯಲ್ಲಿ ಆ ಎರಡು ಅರ್ಥ ಬೇರೆಯಲ್ಲ. ಮಳೆಗಾಲದಲ್ಲಿ ಹೋದದ್ದು ಮಾಗಿಯ ಹೊತ್ತಿಗೆ ಎಷ್ಟು ಮರಳಿತು ಎಂಬುದೇ ದಂಡೆಯ ಆರೋಗ್ಯದ ಲೆಕ್ಕ. ಮೂರು ನಾಲ್ಕು ವರ್ಷ ಸತತವಾಗಿ ಬಾಕಿ ಉಳಿದರೆ ಮಾತ್ರ ಅದು ರೋಗ. ಜೂನ್‌ನ ಒಂದು ಭಯಾನಕ ವಿಡಿಯೊ ನೋಡಿ ಕಲ್ಲು ಸುರಿಯುವ ಆಡಳಿತಕ್ಕೆ ಈ ಭೇದವೇ ಗೊತ್ತಾಗುವುದಿಲ್ಲ, ಯಾಕೆಂದರೆ ಜನವರಿಯಲ್ಲಿ ಹೋಗಿ ಅಳೆಯುವವರು ಇಲ್ಲ.

ದಂಡೆಗೆ ಬರುವ ಮರಳಿನ ಮೂಲವೂ ಬತ್ತುತ್ತಿದೆಯೇ ಎಂಬ ಪ್ರಶ್ನೆಯಿದೆ. ನದಿಯುದ್ದಕ್ಕೂ ಕಿಂಡಿ ಅಣೆಕಟ್ಟುಗಳು ಬಂದಿವೆ. ಅವುಗಳ ಹಲಗೆಗಳನ್ನು ಮಳೆಗಾಲದಲ್ಲಿ ತೆಗೆಯುವುದರಿಂದ ದೊಡ್ಡ ಅಣೆಕಟ್ಟಿನಷ್ಟು ಮರಳನ್ನು ಅವು ತಡೆಯುವುದಿಲ್ಲ. ಮರಳುಗಾರಿಕೆ ಇನ್ನೂ ಗಂಭೀರ. ಕರಾವಳಿ ನಿಯಂತ್ರಣ ವಲಯದ ನದಿಗಳಲ್ಲಿ ದೋಣಿ ಸಂಚಾರಕ್ಕೆ ಅಡ್ಡಿಯಾಗುವ ಮರಳದಿಬ್ಬಗಳನ್ನು ಸಾಂಪ್ರದಾಯಿಕವಾಗಿ ಕೈಯಿಂದ ತೆಗೆಯಲು ಕೇಂದ್ರ ಪರಿಸರ ಸಚಿವಾಲಯ 2011ರಲ್ಲಿ ದಾರಿ ಮಾಡಿಕೊಟ್ಟಿತು. ಉದ್ದೇಶ ದೋಣಿಯವರಿಗೆ ಅನುಕೂಲ ಮಾಡುವುದು. ಆದರೆ ಕಟ್ಟಡದ ಮರಳಿಗೆ ಚಿನ್ನದ ಬೆಲೆ ಬಂದ ಜಿಲ್ಲೆಯಲ್ಲಿ ‘ಅಡ್ಡಿಯಾಗುವ ದಿಬ್ಬ’ ಯಾವುದು ಎಂಬುದನ್ನು ತೀರ್ಮಾನಿಸುವುದು ದೋಣಿಯೋ ಲಾರಿಯೋ ಎಂಬ ಸಂಶಯ ಕರಾವಳಿಯಲ್ಲಿ ಎಲ್ಲರಿಗೂ ಇದೆ. ಅಳಿವೆಗೆ ಹತ್ತಿರದ ನದಿಯಿಂದ ಹೊರಹೋದ ಪ್ರತಿ ಲೋಡು ಮರಳು ದಂಡೆಯ ಖಾತೆಯಿಂದ ಕಳೆದದ್ದು.

ಮುಂಡಾಕಾ ಮತ್ತು ಟ್ವೀಡ್

ಸ್ಪೇನಿನ ಬಾಸ್ಕ್ ನಾಡಿನಲ್ಲಿ ಮುಂಡಾಕಾ ಎಂಬ ಪುಟ್ಟ ಊರಿದೆ. ಅಲ್ಲಿಯ ಅಲೆಯೂ ಸಸಿಹಿತ್ಲುವಿನಂತೆಯೇ ನದಿಯ ಬಾಯಲ್ಲಿ ಮರಳದಿಬ್ಬದ ಮೇಲೆ ಎದ್ದದ್ದು, ಮತ್ತು ಯುರೋಪಿನ ಅತ್ಯುತ್ತಮ ಅಲೆಗಳಲ್ಲಿ ಒಂದೆಂದು ಹೆಸರಾದದ್ದು. 2003ರಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದರ ಅನುಕೂಲಕ್ಕಾಗಿ ನದಿಯ ಮರಳನ್ನು ಭಾರಿ ಪ್ರಮಾಣದಲ್ಲಿ ಎತ್ತಲಾಯಿತು. ದಿಬ್ಬ ಕರಗಿತು, ಅಲೆ ಕಾಣೆಯಾಯಿತು. 2005ರಲ್ಲಿ ಅಲ್ಲಿ ನಡೆಯಬೇಕಿದ್ದ ವಿಶ್ವ ಮಟ್ಟದ ಸರ್ಫಿಂಗ್ ಸ್ಪರ್ಧೆಯೇ ರದ್ದಾಯಿತು. ಹೋಟೆಲ್, ಅಂಗಡಿ, ತರಬೇತಿ ಶಾಲೆಗಳಿಗೆ ಬಿದ್ದ ಪೆಟ್ಟಿನಿಂದ, ಮರಳದಿಬ್ಬವೂ ಊರಿನ ಆಸ್ತಿ ಎಂಬುದು ಅಲ್ಲಿಯವರಿಗೆ ಅರ್ಥವಾಯಿತು. ಅವರ ಅದೃಷ್ಟಕ್ಕೆ ನದಿ ಮತ್ತೆ ಮರಳು ತಂದಿತು, ಕ್ರಮೇಣ ಅಲೆ ಮರಳಿತು. ಕಲ್ಲಿನ ಗೋಡೆ ಕಟ್ಟಿದ್ದರೆ ಆ ಅವಕಾಶ ಇರುತ್ತಿರಲಿಲ್ಲ.

ನಮಗೆ ಇನ್ನೂ ಹತ್ತಿರವಾಗುವುದು ಆಸ್ಟ್ರೇಲಿಯದ ಟ್ವೀಡ್ ನದಿಯ ಕಥೆ. ಅದರ ಅಳಿವೆಯೂ ಒಂದು ಗಡಿಯ ಬಳಿ ಇದೆ. ತೆಂಕಣಕ್ಕೆ ನ್ಯೂ ಸೌತ್ ವೇಲ್ಸ್, ಬಡಗಣಕ್ಕೆ ಕ್ವೀನ್ಸ್‌ಲ್ಯಾಂಡ್. ದೋಣಿಗಳ ಹಾದಿಗಾಗಿ 1960ರ ದಶಕದಲ್ಲಿ ತೆಂಕಣ ರಾಜ್ಯದವರು ಅಳಿವೆಯ ಗೋಡೆಗಳನ್ನು ಉದ್ದ ಮಾಡಿದರು. ಬಡಗಣಕ್ಕೆ ಸಾಗುತ್ತಿದ್ದ ಮರಳು ತಡೆದು ನಿಂತು, ಪಕ್ಕದ ರಾಜ್ಯದ ಗೋಲ್ಡ್ ಕೋಸ್ಟ್‌ನ ದಂಡೆಗಳು ಬಡವಾದವು. ದಶಕಗಳ ಜಗಳದ ನಂತರ ಎರಡೂ ರಾಜ್ಯಗಳು ಒಪ್ಪಂದ ಮಾಡಿಕೊಂಡು, ಅಳಿವೆಯ ತೆಂಕಣದಲ್ಲಿ ಕಡಲಿನೊಳಕ್ಕೆ ಚಾಚಿದ ಜೆಟ್ಟಿಯಿಂದ ಮರಳನ್ನು ಪಂಪಿನಿಂದ ಎತ್ತಿ, ನದಿಯ ಅಡಿಯ ಕೊಳವೆಯಲ್ಲಿ ಬಡಗಣದ ದಂಡೆಗೆ ಹಾಯಿಸುವ ಶಾಶ್ವತ ಏರ್ಪಾಡನ್ನು 2001ರಿಂದ ನಡೆಸುತ್ತಿವೆ. ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್ ಮರಳು ಹೀಗೆ ದಾಟುತ್ತದೆ. ದೋಣಿಗೂ ದಾರಿ ಉಳಿಯಿತು, ದಂಡೆಗೂ ಮರಳು ಬಂತು, ಮೇಲಾಗಿ ಜಗತ್ತಿನಲ್ಲೇ ಅತಿ ಉದ್ದದ ಅಲೆಗಳಲ್ಲಿ ಒಂದು ಅಲ್ಲಿ ಏಳತೊಡಗಿತು. ಮೊದಲ ವರ್ಷಗಳಲ್ಲಿ ಅತಿಯಾಗಿ ಹಾಯಿಸಿದ ಮರಳಿನಿಂದ ಕಿರ್ರಾ ಎಂಬ ಹೆಸರಾಂತ ಅಲೆ ಹೂತುಹೋದದ್ದೂ ಉಂಟು. ಅದನ್ನು ಕಂಡು ಆಮೇಲೆ ಪ್ರಮಾಣ ತಿದ್ದಿಕೊಂಡರು. ಅಳೆಯುತ್ತಾ ಹೋದದ್ದರಿಂದ ಮಾತ್ರ ತಿದ್ದಿಕೊಳ್ಳಲು ಸಾಧ್ಯವಾಯಿತು.

ಪೆರು ದೇಶವಂತೂ 2000ದಲ್ಲೇ ಅಲೆಗಳ ರಕ್ಷಣೆಗೆಂದು ಕಾನೂನು ಮಾಡಿತು. ಹೆಸರಾಂತ ಅಲೆಗಳನ್ನು ನೋಂದಾಯಿಸಿ, ಅವುಗಳಿಗೆ ಧಕ್ಕೆ ತರುವ ಕಟ್ಟೋಣಕ್ಕೆ ಅಲ್ಲಿ ತಡೆಯಿದೆ. ನಮ್ಮಲ್ಲಿ ಇಂಥದ್ದು ನಾಳೆಯೇ ಬರುತ್ತದೆಂದು ನಾನು ನಂಬಿಲ್ಲ. ಆದರೆ ಟ್ವೀಡ್‌ನ ಬುದ್ಧಿಗೆ ಹೊಸ ಕಾನೂನೇನೂ ಬೇಕಿಲ್ಲ, ಎರಡು ಜಿಲ್ಲೆಗಳು ಒಂದು ಮೇಜಿನ ಸುತ್ತ ಕುಳಿತರೆ ಸಾಕು.

ಸದ್ಯ ಆಗಬಹುದಾದದ್ದು

ಹೆಜಮಾಡಿ ಬಂದರಿಗಾಗಿ ಅಳಿವೆಯಿಂದ ಎತ್ತುವ ಮರಳು ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ. ಅದನ್ನು ಲಾರಿಗೆ ತುಂಬಿ ಮಾರುವುದೂ ದೂರದ ಆಳದಲ್ಲಿ ಸುರಿಯುವುದೂ ಸುಲಭ. ಎರಡರಲ್ಲೂ ದಂಡೆಗೆ ನಷ್ಟ. ಎತ್ತಿದ ಮರಳನ್ನು ಕೊರೆತವಿರುವ ದಂಡೆಗೇ ಹಾಕಬೇಕೆಂಬ ಷರತ್ತನ್ನು ಹೂಳೆತ್ತುವ ಗುತ್ತಿಗೆಯಲ್ಲಿ ಸೇರಿಸಿದರೆ ಖರ್ಚು ಕೊಂಚ ಹೆಚ್ಚಾಗಬಹುದು. ಪ್ರತಿ ವರ್ಷ ಕಲ್ಲು ಸುರಿಯುವ ಖರ್ಚಿನ ಎದುರು ಇಟ್ಟು ನೋಡಿದರೆ ಅದು ದುಬಾರಿಯೆಂದು ನನಗೆ ತೋರುವುದಿಲ್ಲ. ನೀರಿನಡಿಯ ದಿಬ್ಬದ ಆಳ, ಆಕಾರಗಳನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ ಅಳೆದು ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದಕ್ಕೆ ಬೇಕಾದ ಪರಿಣತಿ ದೂರದಲ್ಲೂ ಇಲ್ಲ. ಸಾಗರ ಎಂಜಿನಿಯರಿಂಗ್ ಕಲಿಸುವ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎನ್‌ಐಟಿಕೆ) ಸುರತ್ಕಲ್‌ನಲ್ಲಿ, ಮೂಲ್ಕಿಗೆ ಕೂಗಳತೆಯಲ್ಲೇ ಇದೆ. ದಿನವೂ ಅಲೆಯೊಳಗಿರುವ ಸರ್ಫರ್‌ಗಳು ಮತ್ತು ಅಳಿವೆ ದಾಟುವ ದೋಣಿಯವರು, ಈ ಇಬ್ಬರಿಗೂ ದಿಬ್ಬ ಎತ್ತ ಸರಿದಿದೆ ಎಂಬುದು ಉಪಗ್ರಹಕ್ಕಿಂತ ಮೊದಲೇ ಗೊತ್ತಾಗುತ್ತದೆ. ಅವರನ್ನು ಕೇಳಿ ಬರೆದಿಟ್ಟುಕೊಳ್ಳುವ ಒಂದು ವಹಿ ಕೂಡ ಇಲ್ಲದಿರುವುದು ನೋವಿನ ಸಂಗತಿ.

ದಂಡೆಯ ಮೇಲೆ ಬರಲಿರುವ ಕಟ್ಟಡಗಳ ವಿಷಯದಲ್ಲೂ ಎಚ್ಚರ ಬೇಕು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಪ್ರಕಾರ, ಚದರ ಕಿಲೋಮೀಟರ್‌ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆಯಿರುವ ಗ್ರಾಮೀಣ ಪ್ರದೇಶದಲ್ಲಿ ಕಟ್ಟಡ ನಿಷೇಧದ ಪಟ್ಟಿ, ಭರತದ ನೀರು ಏರುವ ಗೆರೆಯಾದ ಭರತರೇಖೆಯಿಂದ 50 ಮೀಟರ್‌ಗೆ ಇಳಿಯಬಹುದು, ಉಳಿದ ಕಡೆ 200 ಮೀಟರ್. ದಂಡೆಯ ಮೇಲೆ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೆ ಅವಕಾಶವಿದ್ದು, ಅವು ಭರತರೇಖೆಯಿಂದ ಕನಿಷ್ಠ 10 ಮೀಟರ್ ಹಿಂದೆ ಇರಬೇಕು. ಅತ್ತಿತ್ತ ಸರಿಯುವ ಮರಳಿನ ನಾಲಗೆಯ ಮೇಲೆ 10 ಮೀಟರ್ ಎಂದರೆ ಒಂದು ಮಳೆಗಾಲ ತಿಂದು ತೇಗುವಷ್ಟು. ಪ್ರೇಕ್ಷಕರ ಗ್ಯಾಲರಿ, ಕಾಂಕ್ರೀಟಿನ ನಡೆದಾರಿ, ಇಂಟರ್‌ಲಾಕ್ ಹಾಸು ಹಾಕಿ, ಆಮೇಲೆ ಅವನ್ನು ಉಳಿಸಲು ತಡೆಗೋಡೆ ಕಟ್ಟುವ ದಾರಿಗೆ ಸಸಿಹಿತ್ಲು ಹೋಗಬಾರದು. ಸರ್ಫಿಂಗ್‌ಗೆ ಬೇಕಾದ ಸೌಕರ್ಯ ಬಹಳ ಕಡಿಮೆ. ಶುದ್ಧ ನೀರು, ಶೌಚಾಲಯ, ಹಲಗೆ ಇಡಲು ಕಳಚಬಹುದಾದ ಒಂದು ಚಪ್ಪರ, ತರಬೇತಿ ಪಡೆದ ಜೀವರಕ್ಷಕರು. ಕೊನೆಯದರಲ್ಲಿ ಊರಿನ ಹುಡುಗರಿಗೇ ಕಾಯಂ ನೌಕರಿ ಸಿಗಬೇಕು. ಈಜು ಬಲ್ಲ, ಸೆಳೆತ ಗುರುತಿಸಬಲ್ಲ, ಹಲಗೆಯ ಮೇಲೆ ನಿಮಿಷದಲ್ಲಿ ಮುಳುಗುವವನ ಬಳಿ ತಲುಪಬಲ್ಲ ಯುವಕ ಯುವತಿಯರು ಇಲ್ಲಿಗಿಂತ ಹೆಚ್ಚು ಬೇರೆಲ್ಲಿ ಸಿಕ್ಕಾರು?

2024ರ ಆರಂಭದಲ್ಲಿ ಸಸಿಹಿತ್ಲು ದಂಡೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಬಂದು ಮೊಟ್ಟೆಯಿಟ್ಟವು. ಅರಣ್ಯ ಇಲಾಖೆಯವರು ಗೂಡುಗಳ ಸುತ್ತ ಬೇಲಿ ಹಾಕಿ ಹಗಲಿರುಳು ಕಾದರು. ಮರಿಗಳು ಮರಳಿನಿಂದ ಮೇಲೆದ್ದು ಕಡಲಿನತ್ತ ತೆವಳಿದವು. ಆಮೆಗೆ ಬೇಕಾದದ್ದು ಕತ್ತಲೆ, ನಿಶ್ಶಬ್ದ, ಮತ್ತು ಅಡ್ಡ ಕಲ್ಲಿಲ್ಲದ ಇಳಿಜಾರು ಮರಳು. ದಂಡೆಯ ಯಾವ ತುಂಡಿಗೆ ಕಲ್ಲು ಹಾಕಬಾರದು ಎಂದು ಗುರುತಿಸಲು ಕುಳಿತರೆ, ಆಮೆ ಗೂಡು ಮಾಡಿದ ಜಾಗ, ರಂಪಣಿ ಎಳೆಯುವ ಜಾಗ, ಅಲೆ ಚೆನ್ನಾಗಿ ಮುರಿಯುವ ಜಾಗ, ಈ ಮೂರನ್ನು ಒಂದೇ ನಕ್ಷೆಯ ಮೇಲೆ ಬರೆದು ನೋಡಬಹುದು. ಅವು ಬಹುಮಟ್ಟಿಗೆ ಒಂದರ ಮೇಲೊಂದು ಬೀಳುತ್ತವೆ ಎಂಬುದು ನನ್ನ ಊಹೆ. ನಕ್ಷೆ ಬರೆಯಲು ಸರಿಯಾದ ಕಾಲ ಬರುವ ಅಕ್ಟೋಬರ್. ಮಳೆ ನಿಂತಿರುತ್ತದೆ, ನದಿ ತಿಳಿಯಾಗಿರುತ್ತದೆ, ಹೊಸ ದಿಬ್ಬ ಎಲ್ಲಿ ಕುಳಿತಿದೆ ಎಂಬುದು ದೋಣಿಯವರ ಬಾಯಲ್ಲಿ ಆಗಲೇ ಇರುತ್ತದೆ.